ಮಡಿಯ ಬಾಯಿಗೆ ನೆಟ್ಟ ಕೋಲು

ಹೊನ್ನದಿನ್ನಿಯ ಗದ್ದೆಗಳಲ್ಲಿ ಮೂರು ವರ್ಷಗಳಿಂದ ಒಮ್ಮೆಯೂ ಕೆಂಪು ದೀಪ ಹತ್ತಿರಲಿಲ್ಲ.

ಎಡದಂಡೆಯ ಹನ್ನೊಂದನೆಯ ಉಪಕಾಲುವೆಯ ನೀರು ಹರಿಯುವಷ್ಟು ದೂರವೂ ಕೋಲುಗಳು. ಒಟ್ಟು ನಾನೂರ ಹನ್ನೆರಡು. ಸೊಂಟದೆತ್ತರದ ಉಕ್ಕಿನ ಕೋಲು, ನೆತ್ತಿಯ ಮೇಲೆ ನಿಂಬೆಹಣ್ಣಿನಷ್ಟು ದೀಪ, ಬುಡದಲ್ಲಿ ಕೆಸರೊಳಗೆ ಹುದುಗುವ ತೂತುತೂತಿನ ಮೂತಿ. ಆ ಮೂತಿಯೊಳಗೆ ಬರಿಗಣ್ಣಿಗೆ ಕಾಣದ ಜೀವಾಣುಗಳ ತೆಳುಪದರ. ಅವು ಉಸಿರಾಡುವಾಗ ಹುಟ್ಟುವ ಅತಿಸಣ್ಣ ವಿದ್ಯುತ್ತನ್ನು ಕೋಲು ಸದಾ ಅಳೆಯುತ್ತಿರುತ್ತದೆ. ಕೀಟನಾಶಕ ತಾಗಿದರೆ ಜೀವಾಣುಗಳಿಗೆ ಉಸಿರು ಕಟ್ಟುತ್ತದೆ, ವಿದ್ಯುತ್ತು ಇಳಿಯುತ್ತದೆ, ದೀಪದ ಬಣ್ಣ ಬದಲಾಗುತ್ತದೆ. ಹಸಿರು ಎಂದರೆ ಇಳಿಯಬಹುದು. ಹಳದಿ ಎಂದರೆ ಎಚ್ಚರ. ಕೆಂಪು ಎಂದರೆ ಆ ಗದ್ದೆಗೆ ಮನುಷ್ಯಮಾತ್ರದವರು ಕಾಲಿಡುವಂತಿಲ್ಲ. ದೀಪ ಹಸಿರಾಗುವ ತನಕ ಅಲ್ಲಿ ನಾಟಿಗೆ ಗೊತ್ತುಮಾಡಿದ ಹೆಂಗಸರನ್ನು ಗದ್ದೆಯ ಯಜಮಾನ ಕೂಲಿ ಕೊಟ್ಟೇ ಕೂರಿಸಬೇಕು.

ಈ ಕಾಯ್ದೆ ಯಾರೂ ದಾನ ಕೊಟ್ಟದ್ದಲ್ಲ. ಬೆರಳ ಸಂದಿಯಲ್ಲಿ ಹುಣ್ಣಾದ, ಕಣ್ಣು ಮಂಜಾದ, ಹೊಟ್ಟೆಯಲ್ಲಿದ್ದದ್ದು ಹೊಟ್ಟೆಯಲ್ಲೇ ಹೋದ ಹೆಂಗಸರು ಜಿಲ್ಲಾ ಕಚೇರಿಯ ಮುಂದೆ ನಲವತ್ತೊಂದು ದಿನ ಕೂತು ಪಡೆದದ್ದು. ಕಾಯ್ದೆ ಬಂತು, ಕೋಲು ಬಂತು. ಕೆಂಪು ಮಾತ್ರ ಬರಲಿಲ್ಲ. ಮೊದಲ ವರ್ಷ ಕೋಲು ಕಂಡು ಹಲ್ಲು ಕಡಿದ ಯಜಮಾನರೇ ಮರುವರ್ಷ ಆಯುಧಪೂಜೆಯಲ್ಲಿ ಅದಕ್ಕೆ ಚೆಂಡುಹೂವು ಕಟ್ಟಿದರು.

ಆ ಜನವರಿಯ ಒಂದು ಬುಧವಾರ ಬೆಳಿಗ್ಗೆ ಶರಣಗೌಡರ ಗದ್ದೆಯ ಒಡ್ಡಿನ ಮೇಲೆ ಹದಿನಾಲ್ಕು ಹೆಂಗಸರು ಸೀರೆ ಎತ್ತಿ ಕಟ್ಟುತ್ತಿದ್ದರು. ಎರಡನೆಯ ಬೆಳೆಯ ನಾಟಿ. ಮೂರು ದಿನದ ಹಿಂದೆ ಟ್ರ್ಯಾಕ್ಟರ್ ಕೆಸರು ಕಲಸಿ ಹೋಗಿತ್ತು; ಕಲಸುವಾಗಲೇ ಗುಳಿಗೆ ಎರಚಿದ್ದರು. ಕಾಂಡ ಕೊರೆಯುವ ಹುಳಕ್ಕೆ ಹಾಕುವ, ಮರಳಿನಂತೆ ಕಾಣುವ ವಿಷದ ಕಾಳು ಅದು. ಕೋಲಿಲ್ಲದ ಊರುಗಳಲ್ಲಿ ಗುಳಿಗೆ ಹಾಕಿದ ಮೇಲೆ ಹನ್ನೆರಡು ದಿನ ಯಾರೂ ಇಳಿಯಬಾರದು. ಹೊನ್ನದಿನ್ನಿಯಲ್ಲಿ ಕೋಲು ಹೇಳಿದ್ದೇ ಕೊನೆಯ ಮಾತು.

ತಂಡದ ಹಿರಿಯಳು ಗಾಳೆಮ್ಮ. ಐವತ್ತು ದಾಟಿದವಳು, ನಲವತ್ತೊಂದು ದಿನವೂ ಜಿಲ್ಲಾ ಕಚೇರಿಯ ಮುಂದೆ ಕೂತವಳು. ಹೋರಾಡಿದವರ ಕೈಯಿಂದಲೇ ಆಗಲಿ ಎಂದು ಕೋಲುಗಳನ್ನು ನೆಡುವ ಕೆಲಸವನ್ನೂ ಅವಳ ತಂಡಕ್ಕೇ ಕೊಟ್ಟಿದ್ದರು. ಅವಳ ಮಗಳು ರೇಣವ್ವ ಅದೇ ಊರಿಗೆ ಕೊಟ್ಟವಳು. ಹೋದ ವರ್ಷ ಏಳನೆಯ ತಿಂಗಳಲ್ಲಿ ಅವಳ ಮಗು ಹೊಟ್ಟೆಯಲ್ಲೇ ಸತ್ತಿತ್ತು. ಈಗ ಮತ್ತೆ ಐದು ತಿಂಗಳು.

“ಯವ್ವಾ, ಕಾಲು ಬೆಂಕಿ ಬಿದ್ದಂಗ ಉರೀತಾವು. ಇವತ್ತ ಒಡ್ಡಿನ ಮ್ಯಾಲ ಕುಂತು ಸಸಿ ಸೂಡು ಬಿಡಿಸಿ ಕೊಡ್ಲೇನು?” ಎಂದಳು ರೇಣವ್ವ.

“ನೀ ಕುಂತ್ರ ಸಾಲು ಹರೀತೈತೆವ್ವ. ಹದಿಮೂರು ಮಂದಿ ಹದಿನಾಲ್ಕು ಮಂದಿ ಜಾಗಾ ಹೆಂಗ ಹಿಡೀಬೇಕು?” ಗಾಳೆಮ್ಮ ಮಗಳ ಕಾಲು ನೋಡಿದಳು. ಹೆಬ್ಬೆರಳ ಸುತ್ತ ಚರ್ಮ ಬಿಳಿಚಿ ಸುಲಿದಿತ್ತು. ಅವಳ ಕಣ್ಣು ಕಾಲಿನಿಂದ ಕೋಲಿಗೆ ಹೋಯಿತು. “ಹಸಿರ ಐತಿ ನೋಡು. ಈ ದೀಪಕ್ಕ ನಾವೆಷ್ಟು ಬಡದಾಡೀವಿ. ಇಳಿ ನನ್ನವ್ವ, ಏನಾಗಂಗಿಲ್ಲ.”

“ಇಳೀಬೇ ರೇಣಿ,” ಎಂದಳು ಪಕ್ಕದ ದ್ಯಾಮವ್ವ. ಬಾಯಿಗೆ ಬೀಗ ಹಾಕಿ ಗೊತ್ತಿಲ್ಲದ ಹೆಂಗಸು. “ನಿನ್ನ ಗಂಡನ ಮಾತಿಗಿಂತ ಕೋಲಿನ ಮಾತು ಖರೆ. ಅದು ಕುಡಿಯಂಗಿಲ್ಲ.”

ಹೆಂಗಸರು ನಕ್ಕರು. ರೇಣವ್ವನೂ ನಗುತ್ತಲೇ ಇಳಿದಳು. ಕೆಸರು ಮೊಣಕಾಲಿನವರೆಗೆ ಬಂತು.

*

ಅಲ್ಲಿಂದ ಅರವತ್ತು ಕಿಲೋಮೀಟರು ದೂರದ ಊರಿನಲ್ಲಿ, ಹವಾನಿಯಂತ್ರಿತ ಕೋಣೆಯೊಂದರ ಗೋಡೆಯ ತುಂಬ, ಹೊನ್ನದಿನ್ನಿ ನಾನೂರ ಹನ್ನೆರಡು ಹಸಿರು ಚುಕ್ಕೆಗಳಾಗಿ ಹೊಳೆಯುತ್ತಿತ್ತು. ಕೀಟನಾಶಕ ಅವಶೇಷ ಮಾಪನ ಕೇಂದ್ರದ ನಿಯಂತ್ರಣ ಕೊಠಡಿ ಅದು. ಆ ಗೋಡೆಗೆ ಬೆನ್ನು ಹಾಕಿ ಕೂತ ತಸ್ಲೀಮಾ ಕರ್ಜಗಿ ಎಂಬ ವಿಜ್ಞಾನಿ, ಒಂದು ಕಾಗದವನ್ನು ನಾಲ್ಕನೆಯ ಸಲ ಓದುತ್ತಿದ್ದಳು.

ಕಾಗದದಲ್ಲಿದ್ದದ್ದು ಹುಲ್ಲಿನ ಮತ್ತು ತೌಡಿನ ಪರೀಕ್ಷೆಯ ಫಲ. ಹೊನ್ನದಿನ್ನಿಯ ಹುಲ್ಲು ತಿಂದ ಎಮ್ಮೆಗಳ ಹಾಲು ಸರಿಯಿಲ್ಲ ಎಂದು ಹಾಲಿನ ಡೈರಿಯಿಂದ ದೂರು ಬಂದಿತ್ತು. ತಸ್ಲೀಮಾ ಹುಲ್ಲು, ತೌಡು, ಅಕ್ಕಿ ಮೂರನ್ನೂ ತರಿಸಿ ನೋಡಿದ್ದಳು. ಹುಲ್ಲಿನಲ್ಲಿ ಗುಳಿಗೆಯ ವಿಷ ಮಿತಿಗಿಂತ ಒಂಬತ್ತು ಪಟ್ಟು. ತೌಡಿನಲ್ಲಿ ನಾಲ್ಕು ಪಟ್ಟು. ತೌಡು ಸುಲಿದ ಬಿಳಿ ಅಕ್ಕಿ ಮಾತ್ರ ಪರೀಕ್ಷೆಯಲ್ಲಿ ಪಾಸಾಗುವಷ್ಟು ಶುಚಿ. ಅಕ್ಕಿ ಊರು ಬಿಡುತ್ತದೆ, ವಿಷ ಊರಲ್ಲೇ ಉಳಿಯುತ್ತದೆ.

ಭತ್ತದ ಗಿಡ ಕೆಸರನ್ನು ಬಿಟ್ಟು ಬೇರೆಲ್ಲಿಂದ ಕುಡಿಯುತ್ತದೆ? ಗಿಡದಲ್ಲಿ ವಿಷವಿದ್ದರೆ ಕೆಸರಲ್ಲೂ ಇರಲೇಬೇಕು. ತಸ್ಲೀಮಾ ಈ ಗುಳಿಗೆಯ ಸ್ವಭಾವ ಬಲ್ಲವಳು. ಒಣನೆಲದಲ್ಲಿ ಬಿಸಿಲು, ಗಾಳಿ, ಗಾಳಿಯುಂಡು ಬದುಕುವ ಜೀವಾಣು ಮೂರೂ ಸೇರಿ ಅದನ್ನು ತುಂಡರಿಸಿಬಿಡುತ್ತವೆ. ನಿಂತ ನೀರಿನ ಕೆಳಗೆ ಗಾಳಿಯೇ ಇಲ್ಲ. ಕೆಲವು ವಿಷಗಳು ಅಂಥಲ್ಲಿ ಬೇಗ ಸಾಯುತ್ತವೆ, ಇದು ಹಾಗಲ್ಲ. ಎರೆಮಣ್ಣಿನ ಕಣಕ್ಕೆ ಅಂಟಿಕೊಂಡು ಸುಮ್ಮನೆ ಮಲಗುತ್ತದೆ. ಮುಂದಿನ ಬೆಳೆಗೆ ಟ್ರ್ಯಾಕ್ಟರ್ ಕೆಸರು ಕಲಸಿದಾಗ ಎಚ್ಚರಾಗುತ್ತದೆ. ಹಳೆಯದರ ಮೇಲೆ ಹೊಸ ಗುಳಿಗೆ ಬೀಳುತ್ತದೆ. ಅದೇ ಹೊತ್ತಿಗೆ ಹೆಂಗಸರು ಇಳಿಯುತ್ತಾರೆ.

ಹಾಗಿದ್ದರೆ ಕೋಲೇಕೆ ಹಸಿರು?

ಅವಳು ಕಾಗದ ಹಿಡಿದು ನಿರ್ದೇಶಕ ಪ್ರಹ್ಲಾದ ಮಳಗಿಯವರ ಕೋಣೆಗೆ ಹೋದಳು. ಅವರು ಶುಕ್ರವಾರದ ಸಭೆಗೆ ಭಾಷಣ ತಿದ್ದುತ್ತಿದ್ದರು. ರಾಜ್ಯ ಸಮಿತಿ ಬರುವುದಿತ್ತು. ಹೊನ್ನದಿನ್ನಿಯ ಮೂರು ವರ್ಷದ ಹಸಿರನ್ನು ಆಧಾರವಾಗಿಟ್ಟು, ಇಡೀ ಎಡದಂಡೆಯಲ್ಲಿ ಹನ್ನೆರಡು ದಿನದ ಕಾಯುವ ಅವಧಿಯನ್ನು ಮೂರು ದಿನಕ್ಕೆ ಇಳಿಸುವ ಆದೇಶಕ್ಕೆ ಅಂದು ಸಹಿ ಬೀಳುವುದಿತ್ತು.

“ಹುಲ್ಲು ಎಲ್ಲಿಂದ ಬಂದದ್ದೋ ಏನೋ,” ಎಂದರು ಮಳಗಿ. “ವ್ಯಾಪಾರಸ್ಥರು ನಾಕು ಊರಿಂದು ಕಲಸಿರ್ತಾರ.”

“ನಾನೇ ಹೊಲದ ಹೆಸರು ಬರೆಸಿ ತರಿಸೀನಿ ಸರ್.”

“ತಸ್ಲೀಮಾ, ಆ ಕೋಲಿನ ಮೂತಿ ನೀವೇ ಕಟ್ಟಿದ್ದು. ಜೀವಾಣು ನೀವೇ ಸಾಕಿದ್ದು. ನಿಮ್ಮ ಕೂಸಿನ ಮ್ಯಾಲೆ ನಿಮಗೇ ನಂಬಿಕಿ ಇಲ್ಲೇನು?”

ಅವಳಿಗೆ ಚುಚ್ಚಿದ್ದು ಬೇರೆ ವಿಷಯ. ಕೋಲು ನೆಡುವುದನ್ನು ಕಲಿಸಿದವಳೂ ಅವಳೇ. ಕಲಿಸಿದ್ದು ಸಮುದಾಯ ಭವನದ ಪರದೆಯ ಮೇಲೆ. ಮೂರು ವರ್ಷದಲ್ಲಿ ಅವಳ ಕೇಂದ್ರದ ಒಬ್ಬನೇ ಒಬ್ಬ ಮನುಷ್ಯ ಹೊನ್ನದಿನ್ನಿಯ ಕೆಸರಿಗೆ ಇಳಿದಿರಲಿಲ್ಲ. ಪ್ರತಿ ಕೋಲೂ ಗದ್ದೆಯ ನಟ್ಟನಡುವೆ ಇರುವ ಫೋಟೋ ಫೋನಿನಲ್ಲಿ ಬಂದಿತ್ತು, ಸ್ಥಳದ ಗುರುತಿನ ಸಮೇತ. ಇಷ್ಟು ಸಾಕು ಎಂದುಕೊಂಡಿದ್ದರು. ಕೆಸರಿನ ಬಗ್ಗೆ ಪ್ರಬಂಧ ಬರೆಯಲು ಕಾಲು ಕೆಸರಾಗಬೇಕಿಲ್ಲ ಎಂಬುದು ನಮ್ಮ ಕಾಲದ ವಿದ್ಯೆಯ ದೊಡ್ಡ ಸವಲತ್ತು.

*

ಬುಧವಾರ ಮಧ್ಯಾಹ್ನ ತಸ್ಲೀಮಾ ಒಂದು ಬಿಡಿ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಗಾಳೆಮ್ಮನ ಮನೆಯ ಬಾಗಿಲಲ್ಲಿ ನಿಂತಳು. ಊಟದ ಹೊತ್ತು. ತಂಡ ಶರಣಗೌಡರ ಅರ್ಧ ಗದ್ದೆ ಮುಗಿಸಿ ಬಂದಿತ್ತು. ರೇಣವ್ವ ಗೋಡೆಗೆ ಒರಗಿ ಎರಡೂ ಕಾಲು ಬಕೆಟ್ಟಿನ ನೀರಿನಲ್ಲಿ ಇಟ್ಟುಕೊಂಡಿದ್ದಳು.

“ಬರ್ರಿ ಮೇಡಂ! ಮೂರು ವರ್ಷಕ್ಕ ನೆಪ್ಪಾತೇನ್ರಿ?” ಗಾಳೆಮ್ಮ ಚಾಪೆ ಕೊಡವಿ ಹಾಸಿದಳು. “ಕುಂಡ್ರಿ. ರೊಟ್ಟಿ ತಿಂತೀರೋ, ನಿಮ್ಮ ಲ್ಯಾಬಿನಾಗ ಬ್ಯಾರೆ ಏನರ ತಿಂತೀರೋ?”

“ನಾನೂ ಹಾವೇರಿ ಕಡೆಯಾಕಿ ಗಾಳೆಮ್ಮಾರ. ರೊಟ್ಟಿ ಕೊಟ್ರ ಎದ್ದು ಹೋಗಂಗಿಲ್ಲ.”

ಉಣ್ಣುತ್ತ ತಸ್ಲೀಮಾ ಬಕೆಟ್ಟಿನ ಕಡೆ ನೋಡಿದಳು. “ಕಾಲಿಗಿ ಏನಾಗೇತಿ?”

“ಉರೀತಾವ್ರಿ,” ಎಂದಳು ರೇಣವ್ವ. “ನಾಟಿ ಹೊತ್ತಿನಾಗ ಜಾಸ್ತಿ. ಕೈ ನಡಗ್ತಾವು. ಒಮ್ಮೊಮ್ಮೆ ಸಸಿ ಎರಡೆರಡು ಕಾಣ್ತಾವು.”

“ಒಂದ್ ಕೂಲಿಗಿ ಎರಡು ಸಸಿ, ಗೌಡ್ಗ ಲಾಭ,” ಎಂದು ಬಾಗಿಲಿಂದ ದ್ಯಾಮವ್ವನ ದನಿ ಬಂತು. ಈ ಸಲ ಯಾರೂ ನಗಲಿಲ್ಲ.

ತಸ್ಲೀಮಾ ಕೈ ತೊಳೆದು ಎದ್ದಳು. “ನನಗ ಗದ್ದಿಗಿ ಕರಕೊಂಡ್ ಹೋಗ್ರಿ. ಇಳೀಬೇಕು.”

ಒಡ್ಡಿನ ಮೇಲೆ ಅವಳು ಪ್ಯಾಂಟು ಮಡಚುವುದನ್ನು ಹೆಂಗಸರು ಸಾಲಾಗಿ ನಿಂತು ನೋಡಿದರು. ಎರಡನೆಯ ಹೆಜ್ಜೆಗೇ ಅವಳು ಹೂತಳು. ಗಾಳೆಮ್ಮ ರಟ್ಟೆ ಹಿಡಿದು, “ಹಿಮ್ಮಡಿ ಊರಬ್ಯಾಡ್ರಿ, ಬೆರಳು ಊರ್ರಿ,” ಎಂದು ನಡೆಯಲು ಕಲಿಸಿದಳು. ಗದ್ದೆಯ ನಡುವೆ ತಲುಪಿ ತಸ್ಲೀಮಾ ಕೋಲನ್ನು ಎರಡೂ ಕೈಯಿಂದ ಒತ್ತಿದಳು. ಮೂತಿ ಕಪ್ಪು ಕೆಸರಿನೊಳಗೆ ಮೊಳದಷ್ಟು ಇಳಿಯಿತು. ಕೊಳೆತ ಮೊಟ್ಟೆಯ ವಾಸನೆಯ ಗುಳ್ಳೆಗಳೆದ್ದವು. ಜೀವಾಣುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು.

ಹತ್ತು ನಿಮಿಷ ಬೇಕಾಗಲಿಲ್ಲ. ಆರನೆಯ ನಿಮಿಷಕ್ಕೆ ದೀಪ ಹಳದಿಯಾಯಿತು. ಏಳಕ್ಕೆ ಕೆಂಪು.

ಹೆಂಗಸರು ಕೆಂಪನ್ನು ನೋಡಿದ್ದು ತರಬೇತಿಯ ಪರದೆಯ ಮೇಲೆ ಮಾತ್ರ. ತಸ್ಲೀಮಾ ತಲೆಯೆತ್ತಿ ಸುತ್ತ ನೋಡಿದಳು. ದೂರದಲ್ಲಿ, ಕಾಲುವೆಯಿಂದ ಗದ್ದೆಯ ಮಡಿಗೆ ನೀರು ಬೀಳುವ ಬಾಯಿಯ ಹತ್ತಿರ, ಶರಣಗೌಡರ ಗದ್ದೆಯ ಕೋಲು ಹಸಿರು ದೀಪ ಹೊತ್ತು ನಿಂತಿತ್ತು. ಅದರಾಚೆಯ ಗದ್ದೆಯದು ಅದರ ಬಾಯಿಯಲ್ಲಿ. ಅದರಾಚೆಯದೂ ಹಾಗೆಯೇ. ಕಣ್ಣು ಹೋದಲ್ಲೆಲ್ಲ ಕೋಲುಗಳು ಕಾಲುವೆಯ ಅಂಚಿಗೆ ಸಾಲುಗಟ್ಟಿದ್ದವು.

“ಕೋಲು ಅಲ್ಲಿ ಯಾಕದಾವ?” ಎಂದಳು ತಸ್ಲೀಮಾ. “ನಡುವ ನೆಡ್ರಿ ಅಂತ ಹೇಳಿದ್ನೆಲ್ಲ? ಫೋಟೋದಾಗ ನಡುವ ಇದ್ವು!”

ಗಾಳೆಮ್ಮ ಕೆಸರು ನೋಡುತ್ತಲೇ ಹೇಳಿದಳು.

“ಫೋಟೋ ಖರೇನ ರೀ. ನಡುವ ನಿಂತು, ಕೆಸರಿಗಿ ಊರದೇ ಎತ್ತಿ ಹಿಡಕೊಂಡು ತಗದ್ವಿ. ಆಮ್ಯಾಲ ತಗೊಂಡೋಗಿ ಬಾಯಿಗಿ ನೆಟ್ವಿ.”

“ಯಾಕ?”

“ನೀವು ಕೋಲು ಕಳಿಸಿದ್ದು ಸೀಗಿಹುಣ್ಣಿವಿ ವಾರದಾಗ್ರಿ. ನೆಲ್ಲು ಹೊಡಿ ಕಟ್ಟಿತ್ತು. ತೆನಿ ಹೊಟ್ಟ್ಯಾಗಿತ್ತು. ಭೂಮ್ತಾಯಿ ತುಂಬಿದ ಬಸರಿ. ಅವತ್ತ ಮುಂಜಾನಿ ನಾವ ಗದ್ದಿಗೆಲ್ಲ ಚರಗದ ಅನ್ನ ಚೆಲ್ಲಿ, ಆಕಿಗಿ ಬಯಕಿ ಊಟ ಉಣಿಸಿ ಬಂದಿದ್ವಿ. ಸಂಜೀಕ ಆಕಿ ಹೊಟ್ಟಿಗಿ ಕಬ್ಬಿಣ ಹೆಂಗ ಚುಚ್ಚೂದ್ರಿ? ಬಾಯಿಗಿ ನೆಟ್ರ ಅದ ಗದ್ದಿ, ಅದ ನೀರು ಅಲ್ಲೇನು ಅಂದ್ವಿ. ಟ್ರ್ಯಾಕ್ಟರ್‌ನವರಿಗೂ ಅಡ್ಡ ಬರಂಗಿಲ್ಲ ಅಂತ ಅಲ್ಲೇ ಬಿಟ್ವಿ.”

ತಸ್ಲೀಮಾ ಕಣ್ಣು ಮುಚ್ಚಿದಳು. ಲೆಕ್ಕಾಚಾರದ ಅಗತ್ಯವೇ ಇರಲಿಲ್ಲ. ಬಾಯಿಯಲ್ಲಿ ಕಾಲುವೆಯ ಹೊಸನೀರು ಸದಾ ತೊಳೆಯುತ್ತಿರುತ್ತದೆ. ಅಲ್ಲಿ ಕೂರುವುದು ಕಾಲುವೆ ತಂದ ಮರಳು. ಮರಳಿಗೆ ಈ ವಿಷ ಅಂಟುವುದಿಲ್ಲ. ಇಡೀ ಗದ್ದೆಯಲ್ಲಿ ಶುಚಿಯಾದ ಜಾಗವೆಂದರೆ ಅದೊಂದೇ. ಜೀವಾಣುಗಳು ಸುಳ್ಳು ಹೇಳಿರಲಿಲ್ಲ. ಅವುಗಳನ್ನು ಮೂರು ವರ್ಷ ಕಾಲುವೆಯ ನೀರಿನಲ್ಲಿ ಮೀಯಿಸಿ, ಗದ್ದೆ ಹೇಗಿದೆಯೆಂದು ಕೇಳಲಾಗಿತ್ತು.

“ಏನ್ ತಪ್ಪಾತ್ರಿ?” ಎಂದಳು ಗಾಳೆಮ್ಮ. ಅವಳ ಮುಖ ನೋಡಿದರೆ ಉತ್ತರ ಅವಳಿಗೆ ಆಗಲೇ ಗೊತ್ತಾದಂತಿತ್ತು. ಒಡ್ಡಿನ ಮೇಲೆ ರೇಣವ್ವ ಬರಿಗಾಲಲ್ಲಿ ನಿಂತಿದ್ದಳು. ಗಾಳೆಮ್ಮ ಕೂಗಿದಳು: “ರೇಣೀ, ಇಳೀಬ್ಯಾಡ! ಅಲ್ಲೇ ಇರು!”

*

ಗುರುವಾರ ಮಳಗಿಯವರು ಬಾಗಿಲು ಹಾಕಿಸಿ ತಸ್ಲೀಮಾಳನ್ನು ಕೂರಿಸಿದರು.

“ನಾನೂರ ಹನ್ನೆರಡು ಹಸಿರಿನ ಮುಂದ ನಿಮ್ಮದೊಂದು ಕೆಂಪು. ಅದನ್ನ ಹಿಡಕೊಂಡು ಸಮಿತಿ ಮುಂದ ನಿಲ್ತೀರಿ?”

“ನಾನೂರ ಹನ್ನೆರಡೂ ತಪ್ಪು ಜಾಗದಾಗ ಅದಾವ ಸರ್. ನಾವೇ ಹೋಗಿ ನೋಡಬೇಕಿತ್ತು, ನೋಡಲಿಲ್ಲ.”

“ಅದನ್ನ ಹೇಳಿದ್ರ ಏನಾಗ್ತದ ಗೊತ್ತೇನು? ಕೋಲಿನ ಜಾಗ ಬದಲಿ ಮಾಡೋದು ಕಾಯ್ದೆ ಪ್ರಕಾರ ಅಪರಾಧ. ಎರಡು ವರ್ಷ ಜೈಲು. ಅದು ನನ್ನ ಮ್ಯಾಲೆ ಬರಂಗಿಲ್ಲ, ನಿಮ್ಮ ಮ್ಯಾಲೂ ಬರಂಗಿಲ್ಲ. ಆ ಹದಿನಾಲ್ಕು ಹೆಣ್ಮಕ್ಕಳ ಮ್ಯಾಲೆ ಬರ್ತದ.” ಅವರ ದನಿಯಲ್ಲಿ ಕಾಳಜಿಯೂ ಇತ್ತು, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. “ಆದೇಶ ಆಗ್ಲಿ. ಮುಂದಿನ ವರ್ಷ ನಿರ್ವಹಣೆ ಅಂತ ಹೇಳಿ ಒಂದೊಂದೇ ಕೋಲು ನಡುವಕ್ಕ ಸರಿಸೋಣ. ಯಾರಿಗೂ ತ್ರಾಸಿಲ್ಲ.”

“ಅಲ್ಲಿತನ ಎಷ್ಟು ಮಂದಿ ಇಳೀತಾರ ಸರ್, ಮೂರನೇ ದಿನಕ್ಕ?”

ಅದು ಮಳಗಿಯವರ ಇಲಾಖೆಯ ಪ್ರಶ್ನೆಯಾಗಿರಲಿಲ್ಲ. ಎಡದಂಡೆಯಲ್ಲಿ ನಾಟಿ ಮಾಡುವ ಹೆಂಗಸರು ಎಷ್ಟು ಎಂಬ ಅಂಕಿ ಯಾವ ಇಲಾಖೆಯಲ್ಲೂ ಇಲ್ಲ. ಟ್ರ್ಯಾಕ್ಟರ್ ಎಷ್ಟಿವೆ ಗೊತ್ತು, ಅಕ್ಕಿ ಗಿರಣಿ ಎಷ್ಟು ಗೊತ್ತು, ಕಾಂಡ ಕೊರೆಯುವ ಹುಳ ಒಂದು ಚದರ ಮೀಟರಿಗೆ ಎಷ್ಟು ಮೊಟ್ಟೆ ಇಡುತ್ತದೆಂದೂ ಗೊತ್ತು.

ಸಂಜೆ ಐದಕ್ಕೆ ಗಾಳೆಮ್ಮನ ಅಂಗಳದಲ್ಲಿ ಹದಿನಾಲ್ಕೂ ಹೆಂಗಸರು ಕೂತಿದ್ದರು. ಅವತ್ತು ಯಾರೂ ಗದ್ದೆಗೆ ಇಳಿದಿರಲಿಲ್ಲ. ಗೌಡರಿಗೆ ಕೇರಿಯಲ್ಲಿ ಸೂತಕ ಎಂದು ಸುಳ್ಳು ಹೇಳಿದ್ದರು. ತಸ್ಲೀಮಾ ಏನನ್ನೂ ಮುಚ್ಚಿಡದೆ ಹೇಳಿದಳು: ಕೆಸರು, ಮರಳು, ಸಮಿತಿ, ಮೂರು ದಿನ, ಎರಡು ವರ್ಷ ಜೈಲು.

“ಜೈಲಿನಾಗ ನಾಟಿ ಇರತೈತೇನ್ರಿ ಮೇಡಂ?” ಎಂದಳು ದ್ಯಾಮವ್ವ. “ಇಲ್ಲಂದ್ರ ಈಗ ಹೊಂಟೆ.” ಆಮೇಲೆ ಅವಳ ದನಿ ಬದಲಾಯಿತು. “ನಗ್ಯಾಡೂದಲ್ಲಬೇ. ನಾಳಿ ಎಲ್ಲಾ ಕೆಂಪಾದ್ರ ಗೌಡ ಏನ್ಮಾಡ್ತಾನ? ಕುಂಡ್ರಿಸಿ ಕೂಲಿ ಕೊಡ್ತಾನೇನು? ನಾಟಿ ಮಷಿನ್ ತರ್ತಾನ. ಮಷಿನ್ನಿಗಿ ಕಾಲು ಉರಿಯಂಗಿಲ್ಲ, ಬಸಿರಾಗಂಗಿಲ್ಲ, ಧರಣಿ ಕುಂಡ್ರಂಗಿಲ್ಲ. ಮುಂದ ನಾವ್ ತಿನ್ನೂದೇನು, ಈ ದೀಪಾನೇ?”

“ಖರೆ ಮಾತು,” ಎಂದರು ಇಬ್ಬರು ಮೂವರು.

“ಖರೇನ,” ಎಂದಳು ಗಾಳೆಮ್ಮ. “ನಾನೇ ಕೋಲು ಹಿಡದ್ನಿ. ನಾನೇ ಬಾಯಿಗಿ ನೆಡಿಸಿದ್ನಿ. ಹೋದ ವರ್ಷ ಈಕಿಗಿ ಆರು ತಿಂಗಳಿದ್ದಾಗ ಕಾಲು ಉರೀತಾವಬೇ ಅಂದ್ಲು. ಹಸಿರ ಐತಿ ಇಳಿ ಅಂದೆ. ಭೂಮ್ತಾಯಿ ಹೊಟ್ಟಿಗಿ ನೋವಾದೀತು ಅಂತ ನಾ ಅಂಜಿದ್ನಿ, ನನ್ನ ಮಗಳ ಹೊಟ್ಟಿ ನೆಪ್ಪಾಗಲಿಲ್ಲ ನನಗ.” ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು.

ರೇಣವ್ವ ಸರಿದು ತಾಯಿಯ ಪಕ್ಕ ಕೂತಳು.

“ಮೇಡಂ,” ಎಂದಳು ರೇಣವ್ವ. “ಹೋದ ವರ್ಷದ್ದು ಇದರಿಂದನ ಹೋತೇನ್ರಿ?”

ತಸ್ಲೀಮಾಳಿಗೆ ಹೌದೆನ್ನಬೇಕೆನಿಸಿತು, ಅಲ್ಲವೆನ್ನಬೇಕೆನಿಸಿತು. “ಗೊತ್ತಿಲ್ಲವ್ವ. ಆಗಿರಬಹುದು. ಆಗಿರಲಿಕ್ಕೂ ಇಲ್ಲ. ಹೊಟ್ಟಿ ಅಳಿಯೋ ಕೋಲು ಇನ್ನೂ ಯಾರೂ ಮಾಡಿಲ್ಲ.”

ರೇಣವ್ವ ತಲೆಯಾಡಿಸಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು. “ಯವ್ವಾ, ಅಳೂದು ಬಿಡು. ಗುಳಿಗಿ ಮಾಡಿದವ್ರು ಅತ್ತಿಲ್ಲ, ಮಾರಿದವ್ರು ಅತ್ತಿಲ್ಲ, ಎರಚಿದವ್ರು ಅತ್ತಿಲ್ಲ. ಕೋಲು ನೆಟ್ಟಾಕಿ ನೀ ಒಬ್ಬಾಕಿ ಅಳಬೇಕೇನು? ದ್ಯಾಮಕ್ಕಾ, ಮಷಿನ್ ತರೂದಿದ್ರ ಹಸಿರ ಇದ್ರೂ ತರ್ತಾರ. ಇಷ್ಟ್ ದಿನ ಯಾಕ ತಂದಿಲ್ಲ? ಅದಕ್ಕಿಂತ ನಾವ ಅಗ್ಗ. ನನಗ ಈ ಕೂಸು ಬೇಕು. ಅದಕ್ಕ ನಾ ಇಳಿಯಂಗಿಲ್ಲ. ಆದ್ರ ನಾ ಒಬ್ಬಾಕಿ ಇಳೀದಿದ್ರ ನನ್ನ ಜಾಗಕ್ಕ ಇನ್ನೊಬ್ಬಾಕಿ ಇಳೀತಾಳ. ಆಕಿಗೂ ಹೊಟ್ಟಿ ಇರತೈತಿ.”

ದ್ಯಾಮವ್ವ ಬಹಳ ಹೊತ್ತು ಸುಮ್ಮನಿದ್ದಳು. ಅವಳು ಸುಮ್ಮನಿದ್ದದ್ದನ್ನು ತಂಡದವರು ಅದೇ ಮೊದಲು ಕಂಡದ್ದು. ಕಡೆಗೆ, “ಈಗ ಭೂಮ್ತಾಯಿ ಬಸರಿ ಇಲ್ಲಲ್ಲ?” ಎಂದಳು.

“ಇಲ್ಲ. ಈಗ ನಾಟಿ ಹಚ್ಚಾಕತ್ತೀವಲ್ಲ, ಇನ್ನೂ ನೀರಾಗ ಅದಾಳ,” ಎಂದಳು ಗಾಳೆಮ್ಮ.

“ಮತ್ತ? ಆಕೀಗೂ ಈಗ ತಕರಾರಿಲ್ಲ. ಮೇಡಂ, ನಾಳಿ ನಿಮ್ಮ ಸಭಾ ಎಷ್ಟಕ್ಕ?”

“ಹನ್ನೊಂದಕ್ಕ.”

“ನಾನೂರ ಹನ್ನೆರಡು ಕೋಲು, ಹದಿನಾಲ್ಕು ಮಂದಿ. ಆಗಂಗಿಲ್ಲ. ಪಕ್ಕದ ಕ್ಯಾಂಪಿನ ನಾಟಿ ತಂಡದವ್ರಿಗೆ ಹೇಳಬೇಕು,” ಎಂದು ದ್ಯಾಮವ್ವ ಎದ್ದು ಸೆರಗು ಸಿಕ್ಕಿಸಿದಳು. “ನಮ್ಮ ಜೋಡಿ ಧರಣಿಗಿ ಬಂದವ್ರು ಎಲ್ಲಾರೂ ಅಲ್ಲೇ ಅದಾರ. ಬಾಯಿ ಐತಲ್ಲ ನನಗ, ಯಾವಾಗ ಉಪಯೋಗಕ್ಕ ಬರಬೇಕದು?”

*

ಶುಕ್ರವಾರ ಹನ್ನೊಂದೂ ಹತ್ತಕ್ಕೆ ನಿಯಂತ್ರಣ ಕೊಠಡಿಯಲ್ಲಿ ಗೋಡಂಬಿಯ ತಟ್ಟೆಗಳು ತಿರುಗುತ್ತಿದ್ದವು. ಸಮಿತಿಯ ಅಧ್ಯಕ್ಷೆ, ಸರಪಳಿಯ ಕನ್ನಡಕದ ವಯಸ್ಸಾದ ಹೆಂಗಸು, ಆದೇಶದ ಪ್ರತಿಯನ್ನು ಮುಂದಿಟ್ಟುಕೊಂಡಿದ್ದರು. ಮಳಗಿಯವರು ಗೋಡೆಯ ನಕ್ಷೆಯತ್ತ ಕಡ್ಡಿ ಚಾಚಿ ಹೇಳುತ್ತಿದ್ದರು: “ಮೂರು ವರ್ಷ. ಒಂದೂ ಕೆಂಪಿಲ್ಲ. ಇದು ಹೊನ್ನದಿನ್ನಿ ಮಾದರಿ...”

ನಕ್ಷೆಯ ಮೂಲೆಯಲ್ಲಿ ಒಂದು ಚುಕ್ಕೆ ಹಳದಿಯಾಯಿತು. ಅದರ ಪಕ್ಕದ್ದು ನೇರ ಕೆಂಪಾಯಿತು. ಮತ್ತೆ ನಾಲ್ಕು. ಮತ್ತೆ ಹನ್ನೊಂದು. ಉಪಕಾಲುವೆಯ ಗುಂಟ, ತಲೆಯಿಂದ ಬಾಲದವರೆಗೆ, ಹಸಿರು ಆರುತ್ತ ಬಂತು.

“ಏನಿದು?” ಎಂದರು ಅಧ್ಯಕ್ಷೆ.

“ತಾಂತ್ರಿಕ ದೋಷ ಮೇಡಂ. ತಸ್ಲೀಮಾ, ದೋಷ ಅಂತ ಹಾಕಿ ಎಲ್ಲವನ್ನೂ ತೆಗೀರಿ.”

ತಸ್ಲೀಮಾಳ ಪರದೆಯ ಮೇಲೆ ಪ್ರತಿ ಕೆಂಪಿಗೂ ಒಂದೊಂದು ಪ್ರಶ್ನೆ ಏಳುತ್ತಿತ್ತು: ಕೋಲು ಕೆಟ್ಟಿದೆಯೇ? ಹೌದು, ಇಲ್ಲ. ಅವಳು ಇಲ್ಲ ಎಂದು ಒತ್ತಿದಳು. ಮುಂದಿನದಕ್ಕೂ ಇಲ್ಲ. ಅದರ ಮುಂದಿನದಕ್ಕೂ.

“ತಸ್ಲೀಮಾ!”

“ಕೋಲು ಕೆಟ್ಟಿಲ್ಲ ಸರ್. ಇವತ್ತೇ ಮೊದಲ ಸಲ ಸರಿಯಾದ ಜಾಗದಾಗ ನಿಂತಾವ.” ಅವಳು ಎದ್ದು ನಿಂತು, ಹುಲ್ಲಿನ ಪರೀಕ್ಷೆಯ ಕಾಗದವನ್ನು ಅಧ್ಯಕ್ಷೆಯ ಮುಂದೆ, ಆದೇಶದ ಪ್ರತಿಯ ಮೇಲೆಯೇ ಇಟ್ಟಳು. “ಮೇಡಂ, ನಾನು ಹೇಳೋದಕ್ಕಿಂತ ಅವರೇ ಹೇಳ್ತಾರೆ. ಕೇಳಿ.” ಅವಳ ಫೋನಿನಲ್ಲಿದ್ದ ಮುಖ ಗೋಡೆಯ ಮೇಲೆ ದೊಡ್ಡದಾಗಿ ಮೂಡಿತು.

ಗಾಳೆಮ್ಮ ಮೊಣಕಾಲು ಕೆಸರಿನಲ್ಲಿ ನಿಂತಿದ್ದಳು. ಹಿಂದೆ ಎಷ್ಟೋ ಹೆಂಗಸರು, ಗದ್ದೆಗದ್ದೆಗಳಾಚೆ ಬಣ್ಣದ ಚುಕ್ಕೆಗಳಾಗುವಷ್ಟು ದೂರದವರೆಗೂ.

“ನಮಸ್ಕಾರ್ರಿ. ನಾ ಗಾಳೆಮ್ಮ. ಮೂರು ವರ್ಷದ ಹಿಂದ ಈ ಕೋಲು ತಪ್ಪು ಜಾಗಕ್ಕ ನೆಟ್ಟಾಕಿ. ನಡುವ ನೆಡ್ರಿ ಅಂದಿದ್ರು, ಬಾಯಿಗಿ ನೆಟ್ವಿ. ಇವತ್ತ ಸರಿ ಮಾಡೀವಿ.”

“ಅದು ಅಪರಾಧ ಅಂತ ಗೊತ್ತೇನಮ್ಮ ನಿಮಗೆ?” ಎಂದರು ಮಳಗಿ. “ಪೊಲೀಸರನ್ನ ಕಳಿಸಬೇಕಾಗ್ತದೆ.”

“ಕಳಸ್ರಿ. ತಪ್ಪು ಮಾಡಿದ್ದಕ್ಕ ಕಳಸ್ತೀರೋ, ತಪ್ಪು ತಿದ್ದಿದ್ದಕ್ಕ ಕಳಸ್ತೀರೋ, ಅಷ್ಟು ಕಾಗದದಾಗ ಬರೀರಿ. ಆದ್ರ ಅವ್ರು ಒಡ್ಡಿನ ಮ್ಯಾಲ ನಿಂತು ಕರೀಬೇಕ್ರಿ. ಗದ್ದಿ ಕೆಂಪಾಗೇತಿ. ನಿಮ್ಮದ ಕಾಯ್ದೆ, ಕೆಂಪಿದ್ದಲ್ಲಿ ಯಾರೂ ಕಾಲಿಡಂಗಿಲ್ಲ. ನಾವೂ ಈಗ ಮ್ಯಾಲ ಬರಾಕತ್ತೀವಿ.”

ಅವಳು ತಿರುಗಿ ಕೈಯೆತ್ತಿದಳು. ದೂರದೂರದ ಗದ್ದೆಗಳಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಕೆಸರಿನಿಂದ ಕಾಲು ಕಿತ್ತು ಒಡ್ಡು ಹತ್ತುವುದು ಕಾಣಿಸಿತು. ಅಧ್ಯಕ್ಷೆ ಪೆನ್ನಿನ ಟೊಪ್ಪಿ ಹಾಕಿ, ಹುಲ್ಲಿನ ಕಾಗದ ಕೈಗೆತ್ತಿಕೊಂಡು, “ಒಂಬತ್ತು ಪಟ್ಟು ಅಂದ್ರೆ ಎಷ್ಟು?” ಎಂದು ತಸ್ಲೀಮಾಳನ್ನು ಕೇಳಿದರು.

ಅವತ್ತು ಸಹಿ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಹೆಂಗಸರ ಮೇಲೆ ಕೇಸೂ ಆಯಿತು. ಎರಡೂ ನಿಜ; ಒಂದಕ್ಕೊಂದು ವಜಾ ಆಗುವುದಿಲ್ಲ.

ಎರಡು ಗಂಟೆಗೆ ಶರಣಗೌಡರು ಬೈಕಿನಲ್ಲಿ ಬಂದರು. ಅವರ ಗದ್ದೆಯ ಅರ್ಧ ನಾಟಿಯಾಗಿತ್ತು, ಇನ್ನರ್ಧ ಬರೀ ನೀರು. ಕಿತ್ತಿಟ್ಟ ಸಸಿಯ ಸೂಡುಗಳು ಒಡ್ಡಿನ ಪಕ್ಕ ಬಾಡುತ್ತಿದ್ದವು. ತಂಡ ಸಾಲಾಗಿ ಒಡ್ಡಿನ ಮೇಲೆ ಕೂತಿತ್ತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರಂತೆ.

“ಗಾಳೆಮ್ಮ, ಸಸಿ ಸಾಯಾಕತ್ತಾವಬೇ. ಒಂದ್ ಎರಡು ತಾಸು ಇಳದು ಮುಗಿಸಿಬಿಡ್ರಿ. ದೀಪ ನಾ ಚೀಲ ಮುಚ್ತೀನಿ, ಯಾರ್ ನೋಡ್ತಾರ?”

“ನಿಮ್ಮ ಸೊಸಿಗೂ ಈಗ ಐದರಾಗ ಅಂತಲ್ರಿ ಗೌಡ್ರ?” ಎಂದಳು ಗಾಳೆಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. “ಕರಕೊಂಡ್ ಬರ್ರಿ. ಆಕಿ ಮುಂದ ಇಳೀಲಿ, ನನ್ನ ಮಗಳು ಹಿಂದ ಇಳೀತಾಳ. ಇಬ್ಬರೂ ಕೂಡಿ ಎರಡು ತಾಸಿನಾಗ ಮುಗಸ್ತಾರ.”

ಗೌಡರು ನೀರನ್ನು ನೋಡಿದರು, ತಮ್ಮದೇ ನೀರು, ಅಪ್ಪನ ಕಾಲದಿಂದ ತಮ್ಮ ಮನೆತನದ ಹೆಸರಿಗಿದ್ದ ನೀರು. ಒಡ್ಡಿನ ಅಂಚಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಹೋಗಿ ಬೇವಿನ ಮರದ ಕೆಳಗೆ ಬೈಕು ನಿಲ್ಲಿಸಿ, ಯಾರಿಗೋ ಫೋನು ಹಚ್ಚಿದರು.

“ಮಷಿನ್ನಿನವಗ ಹಚ್ಚ್ಯಾನ ನೋಡು,” ಎಂದಳು ದ್ಯಾಮವ್ವ.

“ಹಚ್ಚಲಿ,” ಎಂದಳು ಗಾಳೆಮ್ಮ. “ಅದನ್ನ ಓಡಸಾಕೂ ಒಬ್ಬಾವ ಇಳೀಬೇಕು. ಅವನಿಗೂ ತಾಯಿ ಇರ್ತಾಳ.”

ರೇಣವ್ವ ಸಸಿಯ ಸೂಡೊಂದನ್ನು ತಲೆಗಿಟ್ಟುಕೊಂಡು, ಸುಲಿದ ಕಾಲುಗಳನ್ನು ಬಿಸಿಲಿಗೆ ಚಾಚಿ, ಒಡ್ಡಿನ ಮೇಲೆ ನಿದ್ದೆ ಹೋಗಿದ್ದಳು. ಕಾಯ್ದೆಯ ಪ್ರಕಾರ ಅವಳು ಕೆಲಸದ ಮೇಲಿದ್ದಳು.